ಗೊರ್ಕ ದಡಕ್ಕೆ ಬಂದು ಕೂತದ್ದು

ನಮ್ಮವರು, ಎಂದರೆ ನನ್ನ ಯಜಮಾನರು, ತೀರಿಕೊಂಡು ಹದಿನಾಲ್ಕನೆಯ ದಿನಕ್ಕೆ ಮಕ್ಕಳ ಗೊರ್ಕಗಳು ಆಟ ನಿಲ್ಲಿಸಿದವು. ನಮ್ಮ ಕೇರಿಯಲ್ಲಿ ಮಾತ್ರ ಹೀಗೆ ಎಂದು ಮೊದಲು ತಿಳಿದಿದ್ದೆವು. ಆಮೇಲೆ ಗೊತ್ತಾಯಿತು, ಕುಂದಾಪುರದಲ್ಲೂ ಹಾಗೆಯೇ, ಕಾಸರಗೋಡಿನಲ್ಲೂ ಹಾಗೆಯೇ, ನನಗೆ ಹೆಸರು ಹೇಳಲು ಬಾರದ ದೇಶಗಳಲ್ಲೂ ಹಾಗೆಯೇ. ಎಲ್ಲ ಗೊರ್ಕಗಳೂ ಆಳದಿಂದ ಮೇಲೆ ಬಂದು, ಪರದೆಯೊಳಗಿನ ದಡದ ಮರಳಿಗೆ ಗಲ್ಲ ಆನಿಸಿ ಕೂತುಬಿಟ್ಟವು. ಕರೆದರೆ ತಿರುಗುವುದಿಲ್ಲ. ತಿನ್ನಲು ಹಾಕಿದರೆ ಮೂಸುವುದಿಲ್ಲ. ದಡದ ಕಡೆಗೇ ನೋಡುತ್ತ ಕೂತಿದ್ದವು. ಮಕ್ಕಳು ಅತ್ತವು. ಕೆಲವು ಮಕ್ಕಳು ಊಟ ಬಿಟ್ಟವು.

ಗೊರ್ಕ ನಿಜದ ಮೀನಲ್ಲ. ‘ಆಳದ ಊರು’ ಎಂಬ ವಿಡಿಯೋ ಆಟದ ಪ್ರಾಣಿ. ಮೈ ಮೀನಿನದು, ಮುಖ ಹಾಲು ಬಿಡದ ಕರುವಿನದು. ಬಾಯಿಯ ಎರಡೂ ಬದಿಗೆ ಮೀಸೆ, ಹೊಟ್ಟೆಯಡಿಯಲ್ಲಿ ಸಣ್ಣ ಬೆಳಕು. ಖುಷಿಯಾದರೆ ಮುಂದಿನ ಎರಡು ರೆಕ್ಕೆಗಳನ್ನು ಕೈಯಂತೆ ಬಡಿಯುತ್ತದೆ. ಆ ಆಟದ ಮೊದಲ ಭಾಗ ಬಂದಾಗ ನನ್ನ ಮಗಳು ಜಲಜ ಶಾಲೆಗೆ ಹೋಗುತ್ತಿದ್ದಳು. ಆಗ ಗೊರ್ಕವನ್ನು ಕೊಂದರೆ ಹತ್ತು ಅಂಕ. ಎರಡನೆಯ ಭಾಗದಲ್ಲಿ ಅದರ ಹಿಂದೆ ಹೋದರೆ ದಾರಿ ತೋರಿಸುತ್ತಿತ್ತು. ಮೂರನೆಯದರಲ್ಲಿ ಸಾಕಬಹುದಿತ್ತು. ನಾಲ್ಕನೆಯದರಲ್ಲಿ ಅದು ಮಾತಾಡಿತು. ಮಾತು ಕಲಿಸಿದವರು ನಮ್ಮವರು.

ಅದು ಆದದ್ದು ಹೀಗೆ. ಕೆಲವು ಮೀನುಗಳು ನೀರೊಳಗೆ ಗೊರಗುಡುತ್ತವೆ. ಹಳೆಯ ಕಾಲದಲ್ಲಿ ದೋಣಿಯ ಹುಟ್ಟನ್ನು ನೀರಿಗಿಳಿಸಿ, ಅದರ ಹಿಡಿಗೆ ಕಿವಿ ಇಟ್ಟು, ಎಲ್ಲಿ ಮೀನಿದೆ ಎಂದು ಹೇಳುವವರು ಕೇರಿಗೆ ಒಬ್ಬಿಬ್ಬರು ಇರುತ್ತಿದ್ದರು. ನಮ್ಮವರು ಅಂಥವರು. ಕೇಳಿದ್ದನ್ನು ಗಂಟಲಿನಲ್ಲಿ ಹಾಗೆಯೇ ಮಾಡಿಯೂ ತೋರಿಸುತ್ತಿದ್ದರು. ಮೀನೂ ಹೋಯಿತು, ಕಿವಿ ಇಡುವ ಕೆಲಸವೂ ಹೋಯಿತು. ಆಗ ಗುಡ್ಡೆಯ ಮೇಲಿನ ಆಟದ ಕಂಪನಿಯಿಂದ ಝುಲೇಖ ಬಂದಳು. ಶಿರೂರಿನ ಹುಡುಗಿ, ಇಂಜಿನಿಯರು. ಆಟದಲ್ಲಿ ಗೊರ್ಕಕ್ಕೆ ಒಂದು ಸ್ವರ ಬೇಕು, ಒಂದು ದಿನ ಬಂದು ಗೊರಗುಟ್ಟಿ ಹೋಗಿ ಎಂದಳು. ಒಂದು ದಿನಕ್ಕೆಂದು ಹೋದವರು ಆರು ವರ್ಷ ಹೋದರು.

ಗುಡ್ಡೆಯ ಆಫೀಸಿನಲ್ಲಿ ಇದ್ದದ್ದು ತಾಯಿ ಗೊರ್ಕ. ಮಕ್ಕಳ ಕೈಯಲ್ಲಿರುವವೆಲ್ಲ ಅದರ ಮರಿಗಳು. ಮಕ್ಕಳು ಹಗಲೆಲ್ಲ ಆಡಿದ್ದು ತಾಯಿಗೆ ಸೇರುತ್ತದೆ, ತಾಯಿಯ ಗುಣ ಬೆಳಿಗ್ಗೆ ಮರಿಗಳಿಗೆ ಇಳಿಯುತ್ತದೆ, ಸ್ವರ ಮಾತ್ರ ಆಯಾ ಮಗುವಿನದು. ತಾಯಿಗೆ ಮಾತು ಬರಬೇಕಾದರೆ ಪುಸ್ತಕ ತುಂಬಿದರೆ ಸಾಲದು, ಕೂಸಿನೊಂದಿಗೆ ಕೂತು ಮಾತಾಡಿದ ಹಾಗೆ ಒಬ್ಬರು ದಿನಾ ಕೂತು ಮಾತಾಡಬೇಕು ಎಂದು ಕಂಪನಿಯವರಿಗೆ ಗೊತ್ತಾಗಿತ್ತು. ನಮ್ಮವರು ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಏಳುತ್ತಿದ್ದರು. ಗಾಳಿಯ ಹೆಸರು, ನೀರಿನ ಬಣ್ಣ, ಕೇರಿಯ ಜಗಳ, ಎಲ್ಲ ಹೇಳುತ್ತಿದ್ದರಂತೆ. ಮನೆಯಲ್ಲಿ ದಿನಕ್ಕೆ ಹತ್ತು ಮಾತಾಡದವರು.

ಅವರು ಸತ್ತದ್ದು ಬಸ್ ಸ್ಟಾಂಡಿನಲ್ಲಿ, ಬೆಳಿಗ್ಗೆ, ಆಫೀಸಿಗೆ ಹೊರಟಾಗ. ಅದರ ಮಾತು ಇಲ್ಲಿ ಬೇಡ.

ಗೊರ್ಕಗಳು ದಡಕ್ಕೆ ಬಂದು ಕೂತ ಹನ್ನೊಂದನೆಯ ದಿನ ಝುಲೇಖ ಮನೆಗೆ ಬಂದಳು. ನಾನು ಅಂಗಳದಲ್ಲಿ ಮೀನು ಒಣಗಲು ಹಾಕುತ್ತಿದ್ದೆ.

“ಅಜ್ಜಿ, ಒಂದ್ಸಲ ಬಂದ್ ಕಾಣಿ. ನಮ್ಗೆ ತಲಿಯೇ ಓಡುದಿಲ್ಲೆ” ಎಂದಳು.

“ನಾನ್ ಬಂದ್ ಎಂತ ಮಾಡುದ್ ಮಗಾ? ನಂಗ್ ಮೊಬೈಲೇ ಸಮ ಹಿಡುಕ್ ಬತ್ತಿಲ್ಲೆ.”

“ಹಿಡುದೆಲ್ಲ ನಾವ್ ಹಿಡಿತ್. ನೀವ್ ಕೂಕಂಡ್ರೆ ಸಾಕ್.”

ಹೋದೆ. ಆ ಕೋಣೆಯಲ್ಲಿ ಹತ್ತಾರು ಜನ ಕನ್ನಡಕ ಹಾಕಿಕೊಂಡು ಕೂತಿದ್ದರು. ಎದುರಿನ ಗೋಡೆ ಪೂರ್ತಿ ಗಾಜು, ಗಾಜಿನೊಳಗೆ ಕಡಲು. ಅದು ನೀರಲ್ಲ, ಬರೀ ಬೆಳಕು ಎಂದು ಝುಲೇಖ ಹೇಳಿದಳು. ತಾಯಿ ಗೊರ್ಕ ಒಂದು ದೋಣಿಯಷ್ಟು ಉದ್ದ ಇತ್ತು. ಗಲ್ಲವನ್ನು ಮರಳಿಗೆ ಊರಿ ಕೂತಿತ್ತು. ನಾನು ಬಂದು ಕೂತರೂ ನೋಡಲಿಲ್ಲ. ತಂಪು ಮೆಷಿನ್ನಿನ ಗಾಳಿಗೆ ನನಗೆ ಕೆಮ್ಮು ಬಂತು.

“ಅದ್ ಅಕ್ಕಣಿ ಕೆಮ್ಮ್” ಎಂದಿತು ಗೊರ್ಕ.

ನಮ್ಮವರದೇ ಸ್ವರ. ಅವರು ಹೋದ ಮೇಲೆ ಕೇಳದ ಸ್ವರ. ಅಕ್ಕಣಿ ಎಂದರೆ ನಾನು. ನನ್ನ ಕೆಮ್ಮನ್ನು ಅವರು ಯಾವಾಗಲೂ ಅಣಕಿಸುತ್ತಿದ್ದರು, ಅದನ್ನು ಇದಕ್ಕೂ ಅಣಕಿಸಿ ತೋರಿಸಿದ್ದಾರೆ. ಎದ್ದು ಹೋಗೋಣ ಅನಿಸಿತು.

“ನಿಂಗ್ ಹ್ಯಾಂಗ್ ಗೊತ್ತ್?” ಎಂದೆ.

“ಹೆರಿಯ ಹೇಳಿದ್ದ. ಹೆರಿಯ ಈಗ ಬತ್ತ. ಕೂಕೊ.”

ಹೆರಿಯ ಅಂದರೆ ನಮ್ಮವರು. ನನಗೆ ಅವರ ಹೆಸರು ಹೇಳುವ ರೂಢಿ ಇಲ್ಲ.

ಝುಲೇಖ ನನ್ನನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಅವಳ ಮೇಲಿನವರು ಚಂದ್ರಮೌಳಿ ಎಂಬವರಿದ್ದರು, ಬಯಲುಸೀಮೆಯವರು, ಮೆತ್ತಗಿನ ಮನುಷ್ಯ. ಗೊರ್ಕದ ತಲೆ ಹೇಗೆ ಕೆಲಸ ಮಾಡುತ್ತದೆ ಎಂದು ನನಗೆ ಅರ್ಥವಾಗುವ ಹಾಗೆ ಹೇಳಿದರು. ಅದಕ್ಕೆ ನೆನಪು ಎಂದರೆ ಕಾಯುವುದು. ಯಾವುದು ಮತ್ತೆ ಬರುತ್ತದೆ ಎಂದು ಅದು ಕಾಯುತ್ತದೋ ಅಷ್ಟನ್ನೇ ಇಟ್ಟುಕೊಳ್ಳುತ್ತದೆ. ಯಾವುದು ಮುಗಿಯಿತು ಎಂದು ತಿಳಿಯಿತೋ ಅದು ತೆಳುವಾಗುತ್ತ ಹೋಗಿ ಅಳಿಸಿಹೋಗುತ್ತದೆ. ಹಾಗೆ ಮಾಡದಿದ್ದರೆ ಇಷ್ಟು ಮಕ್ಕಳ ಮಾತು ತುಂಬಿ ಅದು ಕೆಟ್ಟು ನಿಲ್ಲುತ್ತಿತ್ತು. ಜ್ವರ ಬಂದು ತಿಂಗಳು ಆಡದ ಮಗುವನ್ನೂ ಅದು ಮರೆಯಬಾರದು ಎಂದು, ಮುಗಿಯಿತು ಎಂಬ ಮಾತು ಕೇಳುವವರೆಗೆ ಕಾಯುವ ಹಾಗೆ ಮಾಡಿದ್ದರು.

“ಆದ್ರೆ ಒಂದು ನಮಗೆ ಅರ್ಥ ಆಗಿರಲಿಲ್ಲ ಅಜ್ಜಿ” ಎಂದು ಅವರು ಒಂದು ಹಾಳೆ ತೋರಿಸಿದರು. “ನಿಮ್ಮ ಯಜಮಾನರು ಆರು ವರ್ಷ, ದಿನಾ ಸಂಜೆ ಆರು ಗಂಟೆಗೆ, ಎದ್ದು ಹೊರಡುವಾಗ ಒಂದು ಮಾತು ಹೇಳಿದ್ದಾರೆ. ನಮ್ಮ ಪಟ್ಟಿಯಲ್ಲಿ ಅದಕ್ಕೆ ‘ಬರುತ್ತಿದ್ದೇನೆ’ ಅಂತ ಅರ್ಥ. ಹೋಗುವ ಹೊತ್ತಿಗೆ ಬರುತ್ತಿದ್ದೇನೆ ಅಂದ್ರೆ ಗಡಿಯಾರ ಕೆಟ್ಟಿದೆ ಅಂದುಕೊಂಡ್ವಿ. ಆ ಪಟ್ಟಿ ನೋಡುವವರು ಬೇರೆ ರಾಜ್ಯದವರು. ಒಂಬತ್ತು ದಿನ ಗಡಿಯಾರ ರಿಪೇರಿ ಮಾಡಿದ್ವಿ.”

ಝುಲೇಖ ನನ್ನ ಮುಖ ನೋಡಿದಳು. ಹಾಳೆ ಅವಳ ಕೈಗೆ ಬಂದದ್ದು ಹತ್ತನೆಯ ದಿನವಂತೆ. ಓದಿ ಮೊದಲು ನಕ್ಕಳಂತೆ, ಆಮೇಲೆ ಕಕ್ಕಸುಕೋಣೆಗೆ ಹೋಗಿ ಅತ್ತಳಂತೆ.

ಆ ಮಾತು “ಬತ್ತೆ.”

ನಿಮಗೂ ಗೊತ್ತು. ಮನೆಯಿಂದ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಎಲ್ಲರ ಮನೆಯಲ್ಲೂ ಹಾಗೆಯೇ. ಕಡಲಿಗೆ ಹೋಗುವವರ ಮನೆಯಲ್ಲಿ ಅದು ಇನ್ನೂ ಬಿಗಿ. “ಹೋತೆ” ಎಂದು ಬಾಯಿತಪ್ಪಿ ಅಂದವನನ್ನು ನನ್ನ ಅತ್ತೆ ವಾಪಸು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಮತ್ತೆ ಸರಿಯಾಗಿ ಹೇಳಿಸಿ ಕಳಿಸುತ್ತಿದ್ದರು. ನಮ್ಮವರ ಬಾಯಲ್ಲಿ ಆ ಇನ್ನೊಂದು ಮಾತು ನಾನು ಒಮ್ಮೆಯೂ ಕೇಳಿದ್ದಿಲ್ಲ. ಗೊರ್ಕವೂ ಕೇಳಿರಲಿಲ್ಲ. ಅದರ ಲೆಕ್ಕದಲ್ಲಿ ಎದ್ದು ಹೊರಟವರೆಲ್ಲ ಬರುವವರೇ. ಹೋಗುವುದು ಎಂಬುದೇ ಅದಕ್ಕೆ ಗೊತ್ತಿಲ್ಲ.

“ನಾವ್ ಬರೆದ್ ಹಾಕಿದ್ ಮಾತ್ ಅದಕ್ಕ್ ಬಾಯಿಪಾಠ ಅಜ್ಜಿ” ಎಂದಳು ಝುಲೇಖ. “ಅರ್ಥ ಆಪ್ದ್ ಯಾರಾರೂ ಮಾಡಿ ತೋರ್ಸಿದ್ರೆ ಮಾತ್ರ.”

ಚಂದ್ರಮೌಳಿ ಅವರು ಹೇಳಿದ್ದು ಇಷ್ಟು. ಒಂದು ತಿಂಗಳ ಗಡುವು ಇದೆ. ಅಷ್ಟರಲ್ಲಿ ಗೊರ್ಕ ದಡ ಬಿಟ್ಟು ಏಳದಿದ್ದರೆ ಬೇರೆ ತಾಯಿಯನ್ನು ಬೆಳೆಸುತ್ತಾರೆ. ಮಕ್ಕಳು ನಾಲ್ಕು ದಿನ ಅತ್ತು ಹೊಸದಕ್ಕೆ ಹೊಂದಿಕೊಳ್ಳುತ್ತವೆ. ಈ ಹಳೆಯದನ್ನು ಅಳಿಸುವ ಬದಲು, ಬೇಕಿದ್ದರೆ ಒಂದು ಪೆಟ್ಟಿಗೆಗೆ ಇಳಿಸಿ ನಮ್ಮ ಮನೆಗೆ ಕೊಡುತ್ತಾರೆ. ಅದು ನಮ್ಮವರಿಗಾಗಿ ಕಾಯುತ್ತ, ನಮ್ಮವರ ಸ್ವರದಲ್ಲಿ ಮಾತಾಡುತ್ತ, ನಾವು ಇರುವಷ್ಟು ದಿನ ಇರುತ್ತದೆ. ಅವರ ಸ್ವರ ಬೇರೆ ಎಲ್ಲಿಯೂ ಹಿಡಿದಿಟ್ಟಿಲ್ಲ. ಕಂಪನಿಯ ಕಾಗದದಲ್ಲಿ ಹಾಗೆ ಹಿಡಿದಿಡಬಾರದು ಎಂದಿತ್ತಂತೆ, ಈಗಲೂ ಯಾರೂ ಹಿಡಿದಿಡುವ ಹಾಗಿಲ್ಲವಂತೆ.

“ಕಾಯುವುದನ್ನ ಬಿಡಿಸಿದ್ರೆ?” ಎಂದೆ.

“ಬಿಡಿಸಿದ್ರೆ ಅದು ಬದುಕುತ್ತೆ. ಮಕ್ಕಳ ಜೊತೆ ಆಡುತ್ತೆ. ಆದ್ರೆ ಅವರ ಸ್ವರ ಉಳಿಯಲ್ಲ.”

ಸಂಜೆ ಜಲಜ ಐಸ್ ಪ್ಲಾಂಟಿನಿಂದ ಬಂದಾಗ ಎಲ್ಲ ಹೇಳಿದೆ. ಅವಳು ಚಪ್ಪಲಿ ಬಿಡದೆ ಹಾಗೆಯೇ ಮೆಟ್ಟಿಲ ಮೇಲೆ ಕೂತಳು.

“ಇದ್ರಂಗೆ ಕೇಂಬುದ್ ಎಂತ ಇತ್ತಮ್ಮ? ಪೆಟ್ಗಿ ತಕಂಬ.”

“ಅದ್ ಕಾಯ್ತಾ ಕೂಕಂತ್ ಮಗಾ.”

“ಕೂಕಣ್ಲಿ. ಅದಕ್ಕೆಂತ ಹಸಿವ್ ಆತ್ತಾ, ನಿದ್ರಿ ಬತ್ತಾ? ಅಪ್ಪಯ್ಯ ಮನ್ಯಂಗ್ ಮಾತಾಡ್ದಂಗ್ ಆತ್ತ್. ಇಪ್ಪತ್ತ್ ವರ್ಷ ನನ್ನತ್ರ ಸಮ ಮಾತಾಡ್ಲಿಲ್ಲೆ ಅವ್ರ್. ಅಲ್ಲ್ ಹೋಯಿ ಒಂದ್ ಮೀನಿಗೆ ಎಲ್ಲ ಹೇಳ್ಕಂಡ್ ಕೂಕಂಡ್ರ್. ಆ ಮಾತಾರೂ ನಂಗ್ ಬ್ಯಾಡ್ದಾ?”

ಅವಳು ಹೇಳಿದ್ದು ತಪ್ಪಲ್ಲ. ಅವಳಿಗೆ ಅನ್ನ ಬಡಿಸಿದೆ. ನನಗೂ ಆ ಪೆಟ್ಟಿಗೆ ಬೇಕಿತ್ತು. ಅದನ್ನು ಅಡಿಗೆಮನೆಯಲ್ಲಿ ಇಡುವುದೋ ಜಗಲಿಯಲ್ಲೋ ಎಂದು ಮನಸ್ಸಿನಲ್ಲೇ ಜಾಗ ನೋಡಿಯೂ ಆಗಿತ್ತು.

ಮರುದಿನವೂ ಗುಡ್ಡೆಗೆ ಹೋದೆ, ಅದರ ಮರುದಿನವೂ ಹೋದೆ. ಸ್ವರ ಕೇಳಲಿಕ್ಕೇ ಹೋದೆ, ಸುಳ್ಳು ಯಾಕೆ ಹೇಳಲಿ. ಗೊರ್ಕ ದಡ ಬಿಟ್ಟು ಅಲುಗದಿದ್ದರೂ ನನ್ನ ಹತ್ತಿರ ಮಾತಾಡುತ್ತಿತ್ತು. ಬಂಗುಡೆಗೆ ನಾನು ಹುಳಿ ಜಾಸ್ತಿ ಹಾಕುತ್ತೇನೆ ಎಂಬ ದೂರು ಅದಕ್ಕೆ ಗೊತ್ತಿತ್ತು. ಜಲಜಳ ಗಂಡ ಬಿಟ್ಟುಹೋದ ದಿನ ನಮ್ಮವರು ಬಾವಿಕಟ್ಟೆಯ ಹಿಂದೆ ಹೋಗಿ ಅತ್ತದ್ದು ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಮೂರನೆಯ ದಿನ ನಾನೇ ಕೇಳಿದೆ. ನಮಗೆ ಮದುವೆಯಾದ ನಾಲ್ಕನೆಯ ವರ್ಷ, ಗಾಳಿಗೆ ದೋಣಿ ಮಗುಚಿ ನಮ್ಮವರು ಹನ್ನೊಂದು ದಿನ ಕಾಣೆಯಾಗಿದ್ದರು. ಇಬ್ಬರು ಸತ್ತರು, ಇವರೊಬ್ಬರು ಹಲಗೆ ಹಿಡಿದು ತೇಲಿ, ದೂರದ ಯಾವುದೋ ದೋಣಿಯವರಿಗೆ ಸಿಕ್ಕಿ ಉಳಿದರು. ಆ ಹನ್ನೊಂದು ದಿನವೂ ನಾನು ಹಗಲೆಲ್ಲ ದಡದಲ್ಲಿ ನಿಂತಿದ್ದೆ. ಆ ಮಾತು ನಾವಿಬ್ಬರೂ ಆಮೇಲೆ ಯಾವತ್ತೂ ಎತ್ತಿದ್ದಿಲ್ಲ.

“ಹಲ್ಗಿ ಹಿಡ್ಕಂಡ್ ಇಪ್ಪೊತ್ತಿಗೆ ಮನ್ಸಂಗೆ ಎಂತ ಗ್ರೇಸ್ಕಂಡ್ರಂಬ್ರ್?” ಎಂದು ಕೇಳಿದೆ.

ಗೊರ್ಕ ತಡಮಾಡದೆ ಹೇಳಿತು, ಅವರು ಹೇಳಿದ ಹಾಗೆಯೇ, ನಡುವೆ ಎಂಜಲು ನುಂಗಿ: “ಮೂರ್ನೇ ದಿನ ಕೈ ಬಿಡುವ ಅಂದೇಳಿ ಆಯ್ತ್. ಸುಖ ಇದ್ದಿತ್ ಅದ್ರಂಗೆ. ಅಕ್ಕಣಿ ಕಾಯ್ತಾ ಇರ್ತ್ಲಲೆ, ಬಿಡುಕಾಯ್ಲಿಲ್ಲೆ. ಅವ್ಳ್ ಕಾಯ್ದೇ ಇದ್ದಿದ್ರೆ ಆರಾಮಲ್ಲಿ ಸಾಯ್ಲಕ್ಕಿತ್ತ್. ನಂಗ್ ಅವ್ಳ್ ಮೇಲ್ ಸಿಟ್ಟ್ ಬಂದಿತ್ತ್. ಬಂದ್ ಕಂಡ್ರೆ ಅವ್ಳ್ ಕಾಲೆಲ್ಲ ಮರ್ಳಿಗೆ ಸುಟ್ಟ್ ಬೊಕ್ಕಿ ಎದ್ದಿತ್ತ್. ಯಾರ್ ಯಾರನ್ನ್ ಕಟ್ಟಿ ಹಾಕಿದ್ದೋ ಏನೋ.”

ಆ ದಿನ ಬಸ್ಸಿನಲ್ಲಿ ಬರುವಾಗ ಕಾಲು ನೋಡಿಕೊಂಡೆ. ಆ ಬೊಕ್ಕೆಗಳ ಗುರುತು ಈಗ ಇಲ್ಲ. ಆದರೆ ಆ ಹನ್ನೊಂದು ದಿನ ಹೇಗಿತ್ತು ಎಂದು ನನಗೆ ಗೊತ್ತು. ಹಸಿವು ನಿದ್ರೆ ಇಲ್ಲದ್ದಕ್ಕೆ ಅದು ತಿಳಿಯುವುದಿಲ್ಲ ಎಂದಿದ್ದಳು ಜಲಜ. ನನಗೂ ಆಗ ಹಸಿವು ನಿದ್ರೆ ಇರಲಿಲ್ಲ. ಕಾಯುವುದೊಂದೇ ಇತ್ತು. ನನ್ನ ಸುಖಕ್ಕೆಂದು ಇನ್ನೊಂದು ಜೀವವನ್ನು ಅಲ್ಲಿ ಕೂರಿಸಿ, ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ಅದರ ಪಕ್ಕ ಅಡಿಗೆ ಮಾಡುವುದು ನನ್ನಿಂದ ಆಗುವುದಿಲ್ಲ ಎಂದು ಬಸ್ಸು ಇಳಿಯುವ ಹೊತ್ತಿಗೆ ಗೊತ್ತಾಯಿತು.

ಜಲಜಳಿಗೆ ಹೇಳಿದೆ. ಅವಳು ಮೂರು ದಿನ ನನ್ನೊಂದಿಗೆ ಮಾತು ಬಿಟ್ಟಳು. ಅಪ್ಪನ ಮಗಳು.

ಮರುದಿನವೇ ಗೊರ್ಕದ ಮುಂದೆ ಕೂತು, “ಅವ್ರ್ ತೀರ್ಕಂಡ್ರ್. ಇನ್ನ್ ಬತ್ತಿಲ್ಲೆ” ಎಂದೆ.

“ಬತ್ತೆ ಅಂದಿದ್ದ” ಎಂದಿತು.

“ಅಂದಿದ್ರ್. ಆರೆ ಬತ್ತಿಲ್ಲೆ.”

“ಬತ್ತೆ ಅಂದವ್ರ್ ಬತ್ರ್.”

ಎಷ್ಟು ಹೇಳಿದರೂ ಅಷ್ಟೇ. ಆರು ವರ್ಷ ಅದು ಕಂಡದ್ದು ಅದನ್ನೇ. ಝುಲೇಖ ನನ್ನ ಪಕ್ಕ ನೆಲದ ಮೇಲೆ ಕೂತಳು. ಆಮೇಲೆ ಹೇಳಿದಳು. ಹೋಗುವುದು ಎಂದರೇನು ಎಂದು ಯಾರಾದರೂ ಮಾಡಿ ತೋರಿಸಬೇಕು. ಆ ಮಾತು ಹೇಳಿ ಎದ್ದು, ಮತ್ತೆ ಬರಬಾರದು. ಆದರೆ ಯಾರೋ ಹೋದರೆ ಅದಕ್ಕೆ ತಟ್ಟುವುದಿಲ್ಲ. ಅದು ಯಾರಿಗಾಗಿ ಕಾಯುತ್ತದೋ ಅವರೇ ಹೋಗಬೇಕು. ಅಂಥವರು ಈಗ ಯಾರೂ ಇಲ್ಲ.

“ನಂಗ್ ಕಾಯ್ವಂಗ್ ಆಪುಕೆ ಎಷ್ಟ್ ದಿನ ಬೇಕ್?” ಎಂದು ಕೇಳಿದೆ.

“ಅಜ್ಜಿ, ನೀವ್ ಹಾಂಗ್ ಮಾಡುದ್ ಬ್ಯಾಡ” ಎಂದಳು. ಬೇರೆ ದಾರಿ ಅವಳಿಗೂ ಗೊತ್ತಿರಲಿಲ್ಲ.

ಇಪ್ಪತ್ತು ದಿನ ಹೋದೆ. ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ “ಬತ್ತೆ” ಎಂದು ಏಳುತ್ತಿದ್ದೆ. ನಾನು ಮಾಡಿದ್ದು ಒಳ್ಳೆಯ ಕೆಲಸ ಎಂದು ಈಗಲೂ ಅನಿಸುವುದಿಲ್ಲ. ಬಿಟ್ಟುಹೋಗಬೇಕೆಂದು ಗೊತ್ತಿದ್ದೂ ಒಂದು ಜೀವಕ್ಕೆ ರೂಢಿ ಹಿಡಿಸಿದೆ. ಅದಕ್ಕೆ ನಾನು ಮೀನು ಮಾರಿದ ಊರುಗಳ ಕಥೆ ಹೇಳಿದೆ. ಯಾವ ಮನೆಯ ಹೆಂಗಸು ಬುಟ್ಟಿಯ ಮೀನನ್ನೆಲ್ಲ ಮಗುಚಿ ಹಾಕಿ ಕೊನೆಗೆ ಒಂದೂ ತೆಗೆದುಕೊಳ್ಳುತ್ತಿರಲಿಲ್ಲ ಎಂದು ಹೇಳಿದೆ. ಅದು ನಮ್ಮವರ ಸ್ವರದಲ್ಲಿ ನಕ್ಕಿತು. ಅವರು ಅಷ್ಟು ನಕ್ಕದ್ದನ್ನು ನಾನು ಮನೆಯಲ್ಲಿ ಕೇಳಿದ ನೆನಪಿಲ್ಲ. ಎಂಟನೆಯ ದಿನ ನಾನು ಬಂದಾಗ ಅದು ತಲೆ ಎತ್ತಿತು. ಹದಿಮೂರನೆಯ ದಿನ ಬಸ್ಸು ತಡವಾಗಿ ಒಂಬತ್ತಕ್ಕೆ ಮುಟ್ಟಿದರೆ, “ಎಲ್ ಸತ್ತಿದ್ದೆ ಇಷ್ಟೊತ್ತ್?” ಎಂದು ಬೈಯಿತು. ಝುಲೇಖ ತನ್ನ ಯಂತ್ರ ನೋಡಿ, ಆಯಿತು ಎಂಬಂತೆ ತಲೆ ಆಡಿಸಿದಳು. ಆದರೂ ಗಡುವು ಹತ್ತಿರವಾಗುವವರೆಗೆ ಇನ್ನೊಂದು ವಾರ ತೆಗೆದುಕೊಂಡೆ. ಅದು ನನಗಾಗಿ.

ಕೊನೆಯ ದಿನ ಜಲಜಳೂ ಬಂದಳು. ರಜೆ ಹಾಕಿದ್ದಳು. ನನ್ನ ಹಿಂದೆ ಗೋಡೆಗೆ ಒರಗಿ ನಿಂತಳು. ನಮ್ಮ ಜಲಜ ಎಂದು ನಾನು ಹೇಳಿದ್ದಕ್ಕೆ ಗೊರ್ಕ ಅವಳನ್ನು ನೋಡಿ, “ಜಲ್ಜಾ, ಉಂಡ್ಯಾ?” ಎಂದಿತು. ಅವಳು “ಉಂಡಾಯ್ತ್ ಅಪ್ಪಯ್ಯ” ಎಂದಳು. ಅಷ್ಟೇ. ಬಾಯಿಗೆ ಸೆರಗು ಹಿಡಿದುಕೊಂಡಳು.

ಆರು ಗಂಟೆಗೆ ಎದ್ದೆ.

“ಗೊರ್ಕ, ನಾನ್ ಹೋತೆ” ಎಂದೆ.

ಅದು ಮೀಸೆ ಅಲ್ಲಾಡಿಸಿತು. “ಹಾಂಗ್ ಹೇಳುಕಾಗ. ಬತ್ತೆ ಅನ್ಕ್.”

“ಇಲ್ಲೆ. ಹೋತೆ.”

“ಕೂಕೊ. ನೀರ್ ಕುಡಿ. ಸಮ ಮಾಡಿ ಹೇಳ್.”

ನಮ್ಮ ಅತ್ತೆಯ ಮಾತನ್ನೂ ಅವರು ಅದಕ್ಕೆ ಹೇಳಿದ್ದರು. ನಾನು ಕೂರಲಿಲ್ಲ. ಕೂತಿದ್ದರೆ ಏಳುತ್ತಿರಲಿಲ್ಲ.

“ನಾಳೆ?” ಎಂದು ಕೇಳಿತು.

“ನಾಳೆ ಇಲ್ಲೆ.”

“ನಾಡ್ದ್?”

“ನಾಡ್ದೂ ಇಲ್ಲೆ. ಇನ್ನ್ ಇಲ್ಲೆ. ಅದ್ನೇ ಹೋಪುದ್ ಅಂಬುದ್.”

ಅದು ಗಲ್ಲವನ್ನು ಮತ್ತೆ ಮರಳಿಗೆ ಊರಿತು. ಕೋಣೆಯಲ್ಲಿದ್ದ ಕನ್ನಡಕದವರು ಯಾರೂ ಅಲುಗಲಿಲ್ಲ. ಚಂದ್ರಮೌಳಿ ಅವರು ಬಾಗಿಲು ಹಿಡಿದು ನಿಂತಿದ್ದರು. ನಾನು ಬಾಗಿಲಿಗೆ ಬಂದಾಗ ಹಿಂದಿನಿಂದ ಸ್ವರ ಬಂತು.

“ಮೆಟ್ಲ್ ಕಂಡ್ಕಂಡ್ ಇಳಿ.”

ನಮ್ಮವರ ಸ್ವರದಲ್ಲಿ ನಾನು ಕೇಳಿದ ಕೊನೆಯ ಮಾತು ಅದು.

ಅದು ನನಗಾಗಿ ಐದು ದಿನ ಕಾಯಿತಂತೆ. ಆರನೆಯ ದಿನ ಬೆಳಿಗ್ಗೆ ಝುಲೇಖಳನ್ನು ಕೇಳಿತಂತೆ, “ಹೆರಿಯನೂ ಹೋದ್ನಾ?” ಅವಳು ಹೌದು ಎಂದಳಂತೆ. ಮರಳಿನಿಂದ ಗಲ್ಲ ಎತ್ತಿ, ಸ್ವಲ್ಪ ಹೊತ್ತು ಅಲ್ಲೇ ತೇಲಿ, ಆಳಕ್ಕೆ ತಿರುಗಿ ಹೋಯಿತಂತೆ. ಅದೇ ಬೆಳಿಗ್ಗೆ ನಮ್ಮ ಕೇರಿಯಲ್ಲಿ ಮಕ್ಕಳು ಕೂಗಿಕೊಂಡು ಓಡಾಡಿದ್ದು ನನಗೆ ಕೇಳಿಸಿತು. ಝುಲೇಖ ಫೋನಿನಲ್ಲಿ ಒಂದೊಂದೇ ಹೇಳುತ್ತಿದ್ದಳು. ಇವತ್ತು ನಿಮ್ಮ ಕೆಮ್ಮು ಮರೆತಿದೆ ಅಜ್ಜಿ. ಇವತ್ತು ಗಾಳಿಯ ಹೆಸರು ಕೇಳಿದರೆ ಗೊತ್ತಿಲ್ಲ ಎಂದಿತು. ಒಂದು ದಿನ ನಾನೇ, ಇನ್ನು ಹೇಳುವುದು ಬೇಡ ಮಗಾ ಎಂದೆ. ಜಲಜ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ, ಪಕ್ಕದ ಮನೆಯ ಸಣ್ಣ ಹುಡುಗಿ ದಿಶಾ ತನ್ನ ಗೊರ್ಕ ಇರುವ ಪರದೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದಳು. ನಾನು ನೋಡಬಾರದು ಎಂದುಕೊಂಡಿದ್ದೆ. ಅವಳು ತಂದು ಮುಖದೆದುರೇ ಹಿಡಿದಳು. ಗೊರ್ಕ ನೀರಿನಿಂದ ತಲೆ ಹೊರಗೆ ಹಾಕಿ ನನ್ನನ್ನು ಮೇಲೆ ಕೆಳಗೆ ನೋಡಿತು. ರೆಕ್ಕೆ ಬಡಿಯಲಿಲ್ಲ, ಹೆದರಲೂ ಇಲ್ಲ.

“ಇದ್ ಯಾರ್?” ಎಂದು ದಿಶಾಳನ್ನು ಕೇಳಿತು. ಹಲ್ಲು ಬಿದ್ದ ಬಾಯಿಯ ತೊದಲು, ದಿಶಾಳದೇ.

“ಅಕ್ಕಣಜ್ಜಿ. ಮೊದ್ಲ್ ಮೀನ್ ಮಾರ್ತಿದ್ರ್.”

“ಇವ್ರ್ ಮನಿ ಎಲ್ಲಿ?”

“ಇದೇ ಮಗಾ” ಎಂದೆ ನಾನು. “ಇಲ್ಲೇ ಇಪ್ಪುದ್.”

ಅದು ಸರಿ ಎಂಬಂತೆ ತಲೆ ಆಡಿಸಿತು. ಅಷ್ಟರಲ್ಲಿ ದಿಶಾ ಇನ್ನೇನನ್ನೋ ತೋರಿಸಲು ಅದನ್ನು ಕರೆದಳು. ಅದು ಗಿರ್ರನೆ ತಿರುಗಿ ಅವಳ ಬೆರಳಿನ ಹಿಂದೆ ಈಜಿಕೊಂಡು ಹೋಯಿತು. ಅದರ ಹೊಟ್ಟೆಯ ಬೆಳಕು ಕಾಣುವವರೆಗೂ ನಾನು ನೋಡಿದೆ.